ನೆಗ್ಗು

ಅಳೆಯುವವಳು ನಾನೇ.
ಯಾರೂ ನೇಮಿಸಿದ್ದಲ್ಲ. ಮೊದಲ ತಿಂಗಳು
ಚೀಲದ ಬಾಯಿ ಬಿಚ್ಚುವಾಗ
ಡಬ್ಬ ಇದ್ದದ್ದು ನನ್ನ ಕೈಯಲ್ಲಿ, ಅಷ್ಟೆ.

ಒಂದು ಚೀಲ ಬಿಳಿಜೋಳ, ನಾಲ್ಕು ಮನೆ.
ಮನೆ ಅನ್ನುತ್ತೇವೆ ಇನ್ನೂ, ಬಾಯಿ ರೂಢಿ.
ಆರು ಗಳ, ಮೇಲೊಂದು ಪ್ಲಾಸ್ಟಿಕ್ ಹಾಳೆ,
ಹಾಳೆಯ ಮೇಲೆ ನೀಲಿ ಅಕ್ಷರ.
ಮಗ ಬುಯೋಮ್ ಓದಿ ಹೇಳಿದ: ಇದು ಮಾರಾಟಕ್ಕಲ್ಲ.
ಯಾರು ಕೊಳ್ಳುತ್ತಾರಪ್ಪ, ಅಂದೆ.

ಡಬ್ಬ ಎಣ್ಣೆಯದು, ಅರ್ಧಕ್ಕೆ ಕುಯ್ದದ್ದು.
ಕೋಚ್‌ನಿಂದ ಓಡಿದ ರಾತ್ರಿ
ಬಿದ್ದೆ, ಅದರ ಮೇಲೆಯೇ ಬಿದ್ದೆ, ಪಕ್ಕ ನೆಗ್ಗಿತು.
ಗುಂಡು ತಗಲಿದ್ದೆಂದು ಮಕ್ಕಳು ಹೇಳಿಕೊಂಡು ತಿರುಗುತ್ತವೆ.
ಇಲ್ಲ, ನನ್ನದೇ ಮೊಣಕಾಲು.

ಆಗ ಓಡಿಸಿದ್ದು ಬಂದೂಕು.
ಏಳು ವರ್ಷ ಕಳೆದು ನೀರು.
ಇಳಿಯುತ್ತದೆ ಅಂದರು. ಇಳಿದದ್ದು ನಾವು:
ಸುತ್ತ ಮಣ್ಣಿನ ಒಡ್ಡು, ಒಡ್ಡಿನಾಚೆ
ನಮ್ಮ ತಲೆಯ ಮಟ್ಟದಲ್ಲಿ ದೋಣಿಗಳು ಹೋಗುತ್ತವೆ.

ನ್ಯಾಗ್ವಾಂದೆ ಅಜ್ಜಿಗೆ ಒಂದೇ ಕಣ್ಣು,
ಆ ಒಂದೂ ಡಬ್ಬದ ಮೇಲೆ.
"ನೆಗ್ಗಿನಷ್ಟು ಜೋಳ ಪ್ರತಿ ಸಲ ತಪ್ಪುತ್ತದೆ."
ಎಲ್ಲರಿಗೂ ಒಂದೇ ಡಬ್ಬ ಅಜ್ಜಿ, ಎಲ್ಲರಿಗೂ ಅಷ್ಟಷ್ಟೇ ತಪ್ಪುತ್ತದೆ.
"ಹಾಗಾದರೆ ಚೀಲದ ತಳದಲ್ಲಿ ಉಳಿದದ್ದು ಯಾರದು?"

ಉತ್ತರ ನನ್ನ ಹತ್ತಿರ ಇತ್ತು. ಹೇಳಲಿಲ್ಲ.
ಸೊಸೆ ಬಸುರಿ.

ಆ ರಾತ್ರಿ ಒನಕೆಯ ತುದಿ ಡಬ್ಬದೊಳಗಿಟ್ಟು
ಬಡಿದು ಬಡಿದು ಸಪಾಟು ಮಾಡಿದೆ.
ಬೆಳಿಗ್ಗೆ ತೋರಿಸಿದೆ. ಅಜ್ಜಿ ಬೆರಳಾಡಿಸಿ ನೋಡಿ
ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಮುಂದಿನ ತಿಂಗಳು ತಳದಲ್ಲಿ ಏನೂ ಉಳಿಯಲಿಲ್ಲ,
ಧೂಳು ಕೊಡವಿಕೊಂಡು ಎದ್ದೆ.

ಮತ್ತೆ ಮಳೆ. ಪಾಲು ಅರ್ಧವಾಯಿತು.
ಒಬ್ಬ ಒಡ್ಡಿನ ಮೇಲೆ ನಿಂತು ಮೈಕಿನಲ್ಲಿ ಹೇಳಿದ:
ದೂರದ ದೇಶಗಳಲ್ಲಿ ಹಣಕ್ಕೆ ತೊಂದರೆಯಾಗಿದೆ.
ಪಾಪ ಅಂದುಕೊಂಡೆವು ದೂರದ ದೇಶಗಳನ್ನು,
ನೈದಿಲೆ ಗೆಡ್ಡೆ ಕೀಳಲು ಎದೆಮಟ್ಟ ನೀರಿಗಿಳಿದೆವು.

ಆ ವಾರವೇ, ಕತ್ತಲಲ್ಲಿ, ಒಂದು ದೋಣಿ.
ದೋಣಿ ಎಂದರೆ ಜೊಂಡು ತುಂಬಿ ಕಟ್ಟಿದ ಹಾಳೆ.
ಒಬ್ಬ ಹೆಂಗಸು, ಮೂರು ಮಕ್ಕಳು, ಒಂದು ಆಡು.
ಆಡನ್ನು ಮೊದಲು ಇಳಿಸಿದಳು.
ಹೆಸರು ನ್ಯಾಬಿಯೆಲ್. ನದಿಯ ಆಚೆಯವಳು.
ಆಚೆಯವರು ನನ್ನ ಗಂಡನಿಗೆ ಏನು ಮಾಡಿದರೆಂದು
ಇಲ್ಲಿ ಎಲ್ಲರಿಗೂ ಗೊತ್ತು.
ಚೀಟಿ ಇಲ್ಲ ಅವಳಿಗೆ. ಬೆರಳು ಒತ್ತಿಸಿಕೊಳ್ಳುವ ಯಂತ್ರ
ಮುಂದಿನ ತಿಂಗಳು ಬರುತ್ತದಂತೆ, ಬಂದರೆ.

ಪಾಲಿನ ದಿನ ಅವಳು ಹತ್ತಿರ ಸುಳಿಯಲಿಲ್ಲ.
ತುಸು ದೂರ, ಆಡಿನ ಹಗ್ಗ ಹಿಡಿದು,
ಬೇರೆ ಯಾವುದಕ್ಕೋ ಬಂದವಳ ಹಾಗೆ ನಿಂತಳು.
ನಾಲ್ಕು ಮನೆಯ ಹದಿನೇಳು ಜನ
ಒಟ್ಟಾಗಿ ಒಬ್ಬಳನ್ನು ನೋಡದೆ ಇರಲು
ಬಹಳ ಶಕ್ತಿ ಬೇಕು. ಬೆಳಿಗ್ಗೆಯಿಂದ ಯಾರೂ ಉಂಡಿರಲಿಲ್ಲ.

ಅಜ್ಜಿ ಎದ್ದು ಡಬ್ಬ ಕಿತ್ತುಕೊಂಡಳು.
ಒರಳಿನ ಅಂಚಿಗೆ ಒರಗಿಸಿ
ಒನಕೆಯಿಂದ ಒಂದೇ ಏಟು.
ನನ್ನ ಮೊಣಕಾಲಿನದಕ್ಕಿಂತ ದೊಡ್ಡ ನೆಗ್ಗು.
ಇದ್ದ ಕಣ್ಣಿನಲ್ಲಿ ಅಳೆದು ನೋಡಿ, ಸಾಲದೆಂದು
ಇನ್ನೊಂದು.

"ಈಗ ಅಳೆ."

ಅಳೆದೆ. ಎಲ್ಲರೂ ತಮ್ಮ ತಮ್ಮ ಡಬ್ಬ ಎಣಿಸಿಕೊಂಡರು,
ಎಣಿಕೆ ಸರಿಯಿತ್ತು.
ನ್ಯಾದಾಕ್ ಗೊಣಗಿದಳು, ಗೊಣಗುತ್ತಲೇ ಬಟ್ಟೆ ಒಡ್ಡಿದಳು.
ತಳದಲ್ಲಿ ಉಳಿಯಿತು,
ಎಷ್ಟೆಂದು ಹೇಳುವುದಿಲ್ಲ.
ಚೀಲ ಅವಳ ಮುಂದೆ ಕೊಡವಿದೆ. ಮುಖ ನೋಡಲಿಲ್ಲ.
ಕ್ಷಮಿಸಿದಳು ಅಂದುಕೊಂಡೀರಿ. ಇಲ್ಲ.
ಜೋಳ ಕೊಟ್ಟೆ.

ಮೊನ್ನೆ ಹೊಸ ಡಬ್ಬ ಹಂಚಿದರು,
ಎಲ್ಲ ಒಂದೇ ಅಳತೆ, ಒಳಗೆ ಕೆಂಪು ಗೆರೆ.
ಬುಯೋಮ್ ತಿರುಗಿಸಿ ಓದಿದ: ಮಾರಾಟಕ್ಕಲ್ಲ.
ಅಜ್ಜಿ ಅದರಲ್ಲಿ ನೀರು ಕುಡಿಯುತ್ತಾಳೆ.